ಹಳೇ ಕಾರು ಒಂದ್ಸಲ ಸ್ಟಾರ್ಟ್ ಆಗುತ್ತೆ ಒಂದ್ಸಲ ಆಗಲ್ಲ, ಪಿಕಪ್ಪೂ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರು ಇಟ್ಕೊಂಡಿರೋರು ತಿರುಗಿ ತಿರುಗಿ ಕೇಳೋ ಪ್ರಶ್ನೆಗಳನ್ನ ಇಲ್ಲಿ ಒಟ್ಟು ಹಾಕಿದೀನಿ. ಹೆಚ್ಚಿನವು ಪೆಟ್ರೋಲ್ ಗಾಡಿಗೆ ಸಂಬಂಧಪಟ್ಟವು, ಡೀಸೆಲ್ ಬಗ್ಗೆ ಕೊನೇ ಹತ್ರ ಇದೆ. ಕಾರ್ಬೋರೇಟರ್ ಗಾಡಿ (ಕಂಪ್ಯೂಟರ್ ಇಲ್ಲದೇ ಪೆಟ್ರೋಲು ಗಾಳಿ ಬೆರೆಸೋ ಹಳೇ ವ್ಯವಸ್ಥೆ), ಇಂಜೆಕ್ಷನ್ ಗಾಡಿ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಇಂಜೆಕ್ಟರಿಂದ ಚಿಮ್ಮಿಸೋದು) ಎರಡೂ ಬರುತ್ತೆ, ನಿಮ್ಮದು ಯಾವುದು ಅಂತ ನೋಡ್ಕೊಂಡು ಓದಿ.

## ಮೊದಲು ತಿಳ್ಕೋಬೇಕಾದ್ದು

ಕೀ ತಿರುಗಿಸಿದ್ರೆ ಕೆಲವೊಮ್ಮೆ ಸ್ಟಾರ್ಟ್ ಆಗುತ್ತೆ ಕೆಲವೊಮ್ಮೆ ಆಗಲ್ಲ, ಎಲ್ಲಿಂದ ನೋಡೋಕೆ ಶುರು ಮಾಡ್ಲಿ?

ಸ್ಟಾರ್ಟ್ ಆಗದೇ ಇದ್ದಾಗ ಎಂಜಿನ್ ತಿರುಗ್ತಾ ಇತ್ತಾ ಇಲ್ವಾ ಅನ್ನೋದು ಮೊದಲನೇ ಪ್ರಶ್ನೆ. ಸೆಲ್ಫ್ (ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟರ್) ಹೊಡೆದಾಗ ಎಂಜಿನ್ ತಿರುಗ್ಲೇ ಇಲ್ಲ ಅಂದ್ರೆ ನೋಡಬೇಕಾದ್ದು ಬ್ಯಾಟರಿ, ಕೇಬಲ್, ಸೆಲ್ಫ್ ಮೋಟರ್, ಇಗ್ನಿಷನ್ ಸ್ವಿಚ್ ಕಡೆ. ಎಂಜಿನ್ ಚೆನ್ನಾಗೇ ತಿರುಗ್ತಿದೆ ಆದ್ರೆ ಹತ್ಕೊಳ್ತಿಲ್ಲ ಅಂದ್ರೆ ಪೆಟ್ರೋಲ್ ಬರ್ತಿಲ್ಲ, ಇಲ್ಲ ಸ್ಪಾರ್ಕ್ ಬರ್ತಿಲ್ಲ, ಇಲ್ಲ ಕಂಪ್ರೆಶನ್ (ಸಿಲಿಂಡರ್ ಒಳಗೆ ಏಳಬೇಕಾದ ಒತ್ತಡ) ಇಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ, ಹುಡುಕೋ ದಾರೀನೂ ಬೇರೆ. "ಸ್ಟಾರ್ಟ್ ಆಗ್ತಿಲ್ಲ" ಅಂತ ಅಷ್ಟೇ ಹೇಳಿ ಗಾಡಿ ಬಿಟ್ಟು ಬಂದ್ರೆ ಮೆಕ್ಯಾನಿಕ್ ಊಹೆ ಮೇಲೆ ಏನೋ ಒಂದು ಬದಲಾಯಿಸ್ತಾರೆ, ಅವರನ್ನ ಬೈದು ಪ್ರಯೋಜನ ಇಲ್ಲ, ಅವರ ಕೈಗೆ ನಾವು ಕೊಟ್ಟಿರೋ ಮಾಹಿತಿನೇ ಅಷ್ಟು.

ಗ್ಯಾರೇಜಿಗೆ ತಗೊಂಡು ಹೋದಾಗ ಮಾತ್ರ ಗಾಡಿ ಸರಿಯಾಗೇ ಇರುತ್ತೆ, ಇದಕ್ಕೆ ಏನ್ ಮಾಡೋದು?

ಬಂದು ಹೋಗೋ ತೊಂದರೇಲಿ ಇದೇ ದೊಡ್ಡ ತಲೆನೋವು. ತೊಂದರೆ ಇಲ್ಲದೇ ಇರೋ ಹೊತ್ತಲ್ಲಿ ಎಷ್ಟು ಚೆಕ್ ಮಾಡಿದ್ರೂ ಎಲ್ಲ ಸರಿಯಾಗೇ ತೋರಿಸುತ್ತೆ, ಹಾಗಾಗಿ ತೊಂದರೆ ಕೊಟ್ಟ ಗಳಿಗೇಲೇ ಬರೆದಿಟ್ಕೊಳ್ಳಿ. ಎಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಆಫ್ ಮಾಡಿ ಎಷ್ಟು ಹೊತ್ತಾಗಿತ್ತು, ಮಳೆ ಇತ್ತಾ, ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿತ್ತು, ಸೆಲ್ಫ್ ಹೊಡೆವಾಗ ಡ್ಯಾಶ್‌ಬೋರ್ಡ್ ದೀಪ ಮಂಕಾಯ್ತಾ, ಪೆಟ್ರೋಲ್ ವಾಸನೆ ಬಂತಾ. ಜೊತೆಗೆ ಮೊಬೈಲಲ್ಲಿ ಶಬ್ದ ಸಮೇತ ವೀಡಿಯೋ ಮಾಡಿಡಿ, ಅನುಭವ ಇರೋ ಮೆಕ್ಯಾನಿಕ್‌ಗೆ ಸೆಲ್ಫ್ ಶಬ್ದ ಕೇಳಿದ್ರೇ ಅರ್ಧ ವಿಷಯ ಗೊತ್ತಾಗಿಬಿಡುತ್ತೆ. ನಾಲ್ಕೈದು ಸಲ ಬರೆದ್ರೆ ಸಾಮಾನ್ಯವಾಗಿ ಒಂದು ಮಾದರಿ ಕಾಣುತ್ತೆ, ಉದಾಹರಣೆಗೆ ಯಾವಾಗಲೂ ಬಿಸಿ ಇದ್ದಾಗಲೇ, ಅಥವಾ ಟ್ಯಾಂಕ್ ಕಾಲು ಭಾಗಕ್ಕಿಂತ ಕಮ್ಮಿ ಇದ್ದಾಗಲೇ.

ಬರೀ ಟಕ್ ಅನ್ನುತ್ತೆ, ಇನ್ನೊಂದ್ಸಲ ಟಕಟಕಟಕ ಅನ್ನುತ್ತೆ, ಒಂದೊಂದ್ಸಲ ಶಬ್ದಾನೇ ಇಲ್ಲ, ಮೂರೂ ಒಂದೇನಾ?

ಒಂದೇ ಅಲ್ಲ. ಟಕಟಕಟಕ ಅಂತ ವೇಗವಾಗಿ ಬಡ್ಕೊಂಡ್ರೆ ಸೆಲ್ಫ್‌ಗೆ ಸಾಕಷ್ಟು ಕರೆಂಟ್ ತಲುಪ್ತಿಲ್ಲ, ಬ್ಯಾಟರಿ ಡೌನ್ ಇರಬಹುದು ಅಥವಾ ಟರ್ಮಿನಲ್ ಸಡಿಲ ಇರಬಹುದು. ಒಂದೇ ಒಂದು ಗಟ್ಟಿ ಟಕ್ ಬಂದು ಸುಮ್ಮನಾಗಿ, ಲೈಟು ಮಾತ್ರ ಚೆನ್ನಾಗೇ ಉರೀತಿದ್ರೆ ಸೊಲೆನಾಯ್ಡ್ (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡೋ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿರುತ್ತೆ ಅಥವಾ ಮೋಟರ್ ಬ್ರಶ್ ಮುಗಿದಿರುತ್ತೆ. ಏನೂ ಶಬ್ದ ಇಲ್ಲ ಅಂದ್ರೆ ಸೊಲೆನಾಯ್ಡ್‌ವರೆಗೆ ಸಿಗ್ನಲ್ಲೇ ಹೋಗ್ತಿಲ್ಲ. ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್), ಕ್ಲಚ್ ಪೆಡಲ್ ಸ್ವಿಚ್ ನೋಡಿ. ಆಟೋಮ್ಯಾಟಿಕ್ ಗಾಡಿ ಆದ್ರೆ ಗೇರ್ ಲಿವರನ್ನ ಪಾರ್ಕಿಂದ ನ್ಯೂಟ್ರಲ್‌ಗೆ ಹಾಕಿ ಟ್ರೈ ಮಾಡಿ, ಅಲ್ಲಿ ಸ್ಟಾರ್ಟ್ ಆದ್ರೆ ಆ ಲಿವರಿನ ಸ್ವಿಚ್ಚೇ ಸಮಸ್ಯೆ.

ಇಮ್ಮೊಬಿಲೈಸರ್ (ಬೇರೆ ಕೀ ಹಾಕಿದ್ರೆ ಸ್ಟಾರ್ಟ್ ಆಗದಂಗೆ ತಡೆಯೋ ಕಳ್ಳತನ ತಡೆ ವ್ಯವಸ್ಥೆ) ಇರೋ ಗಾಡೀಲಿ ಕೀ ಚಿಹ್ನೆಯ ದೀಪ ಮಿನುಗ್ತಿದ್ರೆ ಇನ್ನೊಂದು ಕೀ ಹಾಕಿ ನೋಡಿ. ಕೆಲವು ಗಾಡಿ ಹತ್ಕೊಂಡು ಒಂದೆರಡು ಸೆಕೆಂಡಲ್ಲಿ ಆಫ್ ಆಗುತ್ತಲ್ಲ, ಅದೂ ಇದರ ಲಕ್ಷಣ ಆಗಿರಬಹುದು.

ಹೊಸ ಬ್ಯಾಟರಿ ಹಾಕ್ದೆ, ಆದ್ರೂ ಸೆಲ್ಫ್ ನಿಧಾನಕ್ಕೇ ತಿರುಗುತ್ತೆ ಯಾಕೆ?

ಬ್ಯಾಟರೀಲಿ ಇರೋ ಕರೆಂಟು ಸೆಲ್ಫ್‌ವರೆಗೆ ಹೋಗ್ತಿಲ್ಲ ಅದಕ್ಕೆ. ಒಂದು ಸಾಧಾರಣ ಮಲ್ಟಿಮೀಟರ್ ತಗೊಳ್ಳಿ, ಹಳೇ ಕಾರು ಇಟ್ಕೊಂಡಿರೋ ಪ್ರತಿಯೊಬ್ಬರ ಹತ್ರನೂ ಅದು ಇರಲೇಬೇಕು ಅಂತ ನನ್ನ ಅಭಿಪ್ರಾಯ. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಬ್ಯಾಟರಿ 12.6 ವೋಲ್ಟ್ ಹತ್ರ ತೋರಿಸಿದ್ರೆ ಫುಲ್ ಚಾರ್ಜ್, 12.2 ಅಂದ್ರೆ ಹೆಚ್ಚುಕಮ್ಮಿ ಅರ್ಧ. ಸೆಲ್ಫ್ ಹೊಡೆವಾಗ 9.6ಕ್ಕಿಂತ ಕೆಳಗೆ ಇಳೀಬಾರದು, ಎಂಜಿನ್ ಓಡ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು.

ಈಗ ಮುಖ್ಯವಾದ ಟೆಸ್ಟ್. ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ ಕಂಬದ ಮೇಲೆ (ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೆ), ಇನ್ನೊಂದು ತುದಿ ಎಂಜಿನ್ ಬ್ಲಾಕ್ ಮೇಲೆ ಬಣ್ಣ ಇಲ್ಲದ ಜಾಗಕ್ಕೆ ಒತ್ತಿ ಹಿಡೀರಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯೋಕೆ ಹೇಳಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅರ್ಥಿಂಗ್ ಕೆಟ್ಟಿದೆ. ಹಾಗೇ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟ್‌ವರೆಗೆ 0.5ಕ್ಕಿಂತ ಜಾಸ್ತಿ ಬರಬಾರದು. ಕೇಬಲ್ ಮೇಲಿಂದ ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಕ್ಲ್ಯಾಂಪ್ ಹತ್ರ ರಬ್ಬರ್ ಒಂದಿಂಚು ಸೀಳಿ ನೋಡಿದ್ರೆ ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಕೂತಿರುತ್ತೆ, ಕೈಲಿ ಮಡಚಿದ್ರೆ ಕರಕರ ಅನ್ನುತ್ತೆ. ಎಂಜಿನ್ನಿಂದ ಬಾಡಿಗೆ ಹೋಗೋ ಹೆಣೆದ ಅರ್ಥಿಂಗ್ ಪಟ್ಟೀನೂ ಹಾಗೇ, ಅದನ್ನ ಯಾರೂ ನೋಡೋದೇ ಇಲ್ಲ.

ಸೆಲ್ಫ್ ಮೋಟರ್‌ಗೆ ಸುತ್ತಿಗೇಲಿ ತಟ್ಟಿದ್ರೆ ಸ್ಟಾರ್ಟ್ ಆಗುತ್ತೆ, ಹಂಗೇ ಓಡಿಸಬಹುದಾ?

ಮನೆ ತಲುಪೋಕೆ ಮಾತ್ರ. ತಟ್ಟಿದಾಗ ಹೊರಟ್ರೆ ಬ್ರಶ್ ಅಥವಾ ಕಾಂಟ್ಯಾಕ್ಟ್ ಮುಗಿದಿದೆ ಅನ್ನೋದು ಹೆಚ್ಚುಕಮ್ಮಿ ಖಾತ್ರಿ. ಮೆಲ್ಲಗೆ ತಟ್ಟಿ, ಕೆಲವು ಸೆಲ್ಫ್ ಮೋಟರ್ ಒಳಗೆ ಆಯಸ್ಕಾಂತ ಅಂಟಿಸಿರ್ತಾರೆ, ಜೋರಾಗಿ ಹೊಡೆದ್ರೆ ಅದು ಒಡೆಯುತ್ತೆ. ಗಾಡಿ ನ್ಯೂಟ್ರಲಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ತಟ್ಟೋರ ಕೈ ಬೆಲ್ಟು ಫ್ಯಾನಿಂದ ದೂರ ಇರಬೇಕು.

## ಎಂಜಿನ್ ತಿರುಗುತ್ತೆ, ಹತ್ಕೊಳಲ್ಲ

ಬೆಳಿಗ್ಗೆ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ, ಓಡಿಸಿ ಬಂದು ಹತ್ತು ನಿಮಿಷ ನಿಲ್ಲಿಸಿದ್ರೆ ಮಾತ್ರ ಆಗಲ್ಲ, ತಣ್ಣಗಾದ್ಮೇಲೆ ಮತ್ತೆ ಸರಿ. ಏನಿದು?

ಎಂಜಿನ್ ಆಫ್ ಮಾಡಿದ ಮೇಲೆ ಕೂಲೆಂಟ್ ಓಡಾಟ ನಿಲ್ಲುತ್ತೆ, ಗಾಳಿ ಇಲ್ಲ, ಹಾಗಾಗಿ ಬಾನೆಟ್ ಒಳಗಿನ ಶಾಖ ಸ್ವಲ್ಪ ಹೊತ್ತು ಇನ್ನೂ ಏರುತ್ತೆ. ಹತ್ತು ನಿಮಿಷ ಬಿಟ್ಟು ಕೆಡೋದು ಅದಕ್ಕೇ. ಇಂಜೆಕ್ಷನ್ ಗಾಡೀಲಿ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗ್ತಿದೆ ಅಂತ ಕಂಪ್ಯೂಟರ್‌ಗೆ ತಿಳಿಸೋ ಸೆನ್ಸರ್) ಮೇಲೆ, ಒಳಗಿನ ಸಣ್ಣ ಸುರುಳಿ ಬಿಸಿಗೆ ಬಿಟ್ಕೊಂಡು ತಣ್ಣಗಾದ್ಮೇಲೆ ಕೂಡ್ಕೊಳ್ಳುತ್ತೆ. ಸೆಲ್ಫ್ ಹೊಡೆವಾಗ ಆರ್‌ಪಿಎಂ ಮುಳ್ಳು ನೋಡಿ, ಎಷ್ಟೋ ಗಾಡೀಲಿ ಅದು ಚೂರು ಅಲ್ಲಾಡಬೇಕು. ಬೇರೆ ಹೊತ್ತು ಅಲ್ಲಾಡಿ, ಸ್ಟಾರ್ಟ್ ಆಗದಾಗ ಮಾತ್ರ ಸತ್ತಂಗೆ ಬಿದ್ದಿದ್ರೆ ಆ ಸೆನ್ಸರ್ ಸಿಗ್ನಲ್ ಹೋಗಿದೆ ಅಂತ ಒಳ್ಳೇ ಸುಳಿವು.

ಎರಡನೇದು ಫ್ಯೂಯಲ್ ಪಂಪ್ ರಿಲೇ. ಅದರ ಮುಚ್ಚಳ ತೆಗೆದು ಹಿಂದಿನ ಬೆಸುಗೆ ಚುಕ್ಕೆಗಳನ್ನ ಭೂತಗನ್ನಡೀಲಿ ನೋಡಿದ್ರೆ ಕೆಲವು ಸಲ ಪಿನ್ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ ಕಾಣುತ್ತೆ, ಅದು ಬಿರುಕು, ಬಿಸಿಗೆ ಅಗಲ ಆಗಿ ಪಂಪ್‌ಗೆ ಹೋಗೋ ಕರೆಂಟ್ ನಿಲ್ಲಿಸುತ್ತೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಒಂದೆರಡು ಸೆಕೆಂಡ್ ಜುಯ್ ಅನ್ನೋ ಶಬ್ದ ಬರ್ತಿಲ್ಲ ಅಂದ್ರೆ ಮೊದಲು ಇಲ್ಲಿ ನೋಡಿ.

ಶಬ್ದಾನೂ ಇದೆ, ಸ್ಪಾರ್ಕೂ ಇದೆ ಅಂದ್ರೆ ಪೆಟ್ರೋಲ್ ಜಾಸ್ತಿ ಆಗಿರಬಹುದು. ಇಂಜೆಕ್ಷನ್ ಗಾಡೀಲಿ ಎಕ್ಸಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದ್ರೆ ಹೆಚ್ಚಿನವು ಇಂಜೆಕ್ಟರ್ ಬಂದ್ ಮಾಡ್ತವೆ, ಹಂಗೆ ಮಾಡಿದಾಗ ಸ್ಟಾರ್ಟ್ ಆಗಿ ಕಪ್ಪು ಹೊಗೆ ಬಂದ್ರೆ ಇಂಜೆಕ್ಟರ್ ಸೋರ್ತಿದೆ ಇಲ್ಲ ಪ್ರೆಶರ್ ರೆಗ್ಯುಲೇಟರ್ (ಪೆಟ್ರೋಲ್ ಒತ್ತಡ ಹದದಲ್ಲಿಡೋ ಭಾಗ) ಒಳಗಿನ ಪೊರೆ ಹರಿದಿದೆ. ವ್ಯಾಕ್ಯೂಮ್ ಪೈಪ್ ಇರೋ ರೆಗ್ಯುಲೇಟರ್ ಆದ್ರೆ ಪೈಪ್ ಕಿತ್ತು ನೋಡಿ, ಒಳಗೆ ಪೆಟ್ರೋಲ್ ಇದ್ರೆ ಅದು ಹೋಗಿದೆ, ಬೇರೆ ಪರೀಕ್ಷೆ ಬೇಡ. ಕಾರ್ಬೋರೇಟರ್ ಗಾಡೀಲಿ ಬೌಲ್ ಒಳಗಿನ ಪೆಟ್ರೋಲ್ ಕುದ್ದು ಒಳಗೆ ಸುರಿದಿರುತ್ತೆ, ಅಲ್ಲೂ ಪೂರ್ತಿ ತುಳಿದು ಹಿಡಿದೇ ಹೊಡೀಬೇಕು. ಪದೇ ಪದೇ ಪಂಪ್ ಮಾಡಿದ್ರೆ ಇನ್ನೂ ಸುರಿಯುತ್ತೆ.

ನಂದು ಉಲ್ಟಾ, ತಣ್ಣಗಿದ್ದಾಗ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು

ಕೀ ಆನ್ ಮಾಡಿ ಪಂಪ್ ಶಬ್ದ ನಿಲ್ಲೋವರೆಗೆ ಕಾದು ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ತಕ್ಷಣ ಹತ್ಕೊಂಡ್ರೆ ರಾತ್ರಿಯಿಡೀ ಲೈನ್ ಪ್ರೆಶರ್ ಇಳಿದು ಹೋಗ್ತಿದೆ ಅಂತ ಅರ್ಥ, ಪಂಪ್ ಒಳಗಿನ ವಾಲ್ವ್ ಹಿಡೀತಿಲ್ಲ. ಅದಕ್ಕೂ ಆಗ್ಲಿಲ್ಲ ಅಂದ್ರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡಿ. ಎಂಜಿನ್ ತಣ್ಣಗಿದ್ರೂ ಅದು ಬಿಸಿ ಇದೆ ಅಂತ ಸುಳ್ಳು ಹೇಳಿದ್ರೆ ಕಂಪ್ಯೂಟರ್ ಪೆಟ್ರೋಲ್ ಕಮ್ಮಿ ಬಿಡುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಸ್ಕ್ಯಾನರಲ್ಲಿ (ಗಾಡಿ ಕಂಪ್ಯೂಟರ್‌ಗೆ ಸಿಕ್ಕಿಸಿ ರೀಡಿಂಗ್ ನೋಡೋ ಉಪಕರಣ) ಕೂಲೆಂಟ್ ಟೆಂಪರೇಚರೂ ಒಳಗೆ ಹೋಗೋ ಗಾಳಿ ಟೆಂಪರೇಚರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕಾರ್ಬೋರೇಟರ್ ಆದ್ರೆ ಚೋಕ್ (ತಣ್ಣಗಿದ್ದಾಗ ಗಾಳಿ ತಡೆಯೋ ತಗಡು) ಪೂರ್ತಿ ಮುಚ್ಕೊಳ್ತಿದೆಯಾ ಅಂತ ಏರ್ ಫಿಲ್ಟರ್ ತೆಗೆದು ಕಣ್ಣಲ್ಲೇ ನೋಡಿ.

ಮಳೆಗಾಲದಲ್ಲಿ ಮಾತ್ರ ಕಾಟ

ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪ್, ಕಾಯಿಲ್. ಕತ್ತಲಾದ ಮೇಲೆ ಎಂಜಿನ್ ಓಡ್ತಿರುವಾಗ ಬಾನೆಟ್ ತೆಗೆದು ದೂರದಿಂದ ನೀರನ್ನ ಮಂಜಿನ ಹಾಗೆ ಸ್ವಲ್ಪ ಸ್ಪ್ರೇ ಮಾಡಿ, ಮುಟ್ಟಬೇಡಿ. ನೀಲಿ ಕಿಡಿ ವೈರಿಂದ ಲೋಹಕ್ಕೆ ಹಾರೋದು ಕಣ್ಣಿಗೇ ಕಾಣುತ್ತೆ.

ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ಸ್ಪಾರ್ಕ್ ನೋಡಬಹುದಾ?

ಎಲ್ಲರೂ ಮಾಡೋದು ಅದೇ, ಆದ್ರೆ ನಾನು ಬೇಡ ಅಂತೀನಿ. ಪ್ಲಗ್ ತೂತಿಂದ ಪೆಟ್ರೋಲ್ ಆವಿ ಬರ್ತಿರುತ್ತೆ, ಅದರ ಪಕ್ಕದಲ್ಲೇ ಕಿಡಿ, ಬೆಂಕಿ ಹತ್ಕೊಳ್ಳಬಹುದು. ಇನ್ನೊಂದು ವಿಷಯ, ಹೊರಗಿನ ಗಾಳೀಲಿ ಕಿಡಿ ಬಂತು ಅಂದ ಮಾತ್ರಕ್ಕೆ ಸಿಲಿಂಡರ್ ಒಳಗಿನ ಒತ್ತಡದಲ್ಲೂ ಬರುತ್ತೆ ಅನ್ನೋಕಾಗಲ್ಲ, ಒತ್ತಡ ಜಾಸ್ತಿ ಆದಷ್ಟೂ ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಹೊಂದಿಸೋ ಸ್ಪಾರ್ಕ್ ಟೆಸ್ಟರ್ ಸಿಗುತ್ತೆ, ಅದು ದುಬಾರಿ ಸಾಮಾನೂ ಅಲ್ಲ, ಅದನ್ನೇ ಬಳಸಿ.

## ಪಿಕಪ್ ಇಲ್ಲ

ಪಿಕಪ್ ಇಲ್ಲ ಅಂದ್ರೆ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸೋ ಹಂತಕ್ಕೆ ಬಂತು ಅಂತಾನಾ?

ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಟಾಪ್ ಗೇರಲ್ಲಿ ಜೋರಾಗಿ ತುಳಿದಾಗ ಆರ್‌ಪಿಎಂ ಏರಿ ಸ್ಪೀಡ್ ಏರದೇ ಇದ್ರೆ ಕ್ಲಚ್ ಜಾರ್ತಿದೆ, ಎಂಜಿನ್ ಚೆನ್ನಾಗೇ ಇದೆ. ಸ್ವಲ್ಪ ದೂರ ಬ್ರೇಕ್ ಮುಟ್ಟದೇ ಓಡಿಸಿ ನಿಲ್ಲಿಸಿ ಪ್ರತಿ ಚಕ್ರದ ಹತ್ರ ಕೈ ಒಡ್ಡಿ ನೋಡಿ (ಡಿಸ್ಕ್ ಮುಟ್ಟಬೇಡಿ), ಒಂದು ಮಾತ್ರ ಸುಡ್ತಿದ್ರೆ ಆ ಬ್ರೇಕ್ ಹಿಡ್ಕೊಂಡಿದೆ. ಆಮೇಲೆ ಒಬ್ಬರು ಪೆಡಲ್ ಪೂರ್ತಿ ತುಳಿದಾಗ ಥ್ರಾಟಲ್ ಪೂರ್ತಿ ತೆರೀತಿದೆಯಾ ನೋಡಿ. ಕೇಬಲ್ ಸಡಿಲ ಆಗಿಯೋ, ಪೆಡಲ್ ಕೆಳಗೆ ಮ್ಯಾಟ್ ಮಡಚ್ಕೊಂಡೋ ಮುಕ್ಕಾಲಿಗೇ ನಿಂತಿರೋ ಗಾಡಿಗಳೂ ಇವೆ.

ನಿಧಾನಕ್ಕೆ ಓಡಿಸಿದ್ರೆ ಏನೂ ತೊಂದರೆ ಇಲ್ಲ, ಏರಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ತುಳಿದ್ರೆ ಉಸಿರು ಕಟ್ಟಿದಂಗೆ ಆಗುತ್ತೆ

ಲೋಡ್ ಬಿದ್ದಾಗ ಮಾತ್ರ ಕಾಣೋ ತೊಂದರೇಲಿ ಅದು ಹೇಗೆ ಅನ್ನಿಸುತ್ತೆ ಅನ್ನೋದರ ಮೇಲೆ ಬಹಳ ನಿಂತಿದೆ. ಜರ್ಕ್ ಜರ್ಕ್ ಅಂತ ಹೊಡೆದ್ರೆ ಮಿಸ್ಸಿಂಗ್ (ಯಾವುದೋ ಸಿಲಿಂಡರಲ್ಲಿ ಪೆಟ್ರೋಲ್ ಹತ್ಕೊಳ್ತಿಲ್ಲ), ಪ್ಲಗ್ ಗ್ಯಾಪ್ ಸವೆದು ಅಗಲ ಆಗಿದೆ ಅಥವಾ ಕಾಯಿಲ್ ಸೋತಿದೆ. ಗ್ಯಾಪ್ ಹೆಚ್ಚಿನ ಗಾಡೀಲಿ 0.7ರಿಂದ 1.1 ಮಿಲಿಮೀಟರ್ ಒಳಗೆ ಇರುತ್ತೆ, ನಿಮ್ಮ ಗಾಡಿದು ಮ್ಯಾನ್ಯುಅಲಲ್ಲಿ ನೋಡ್ಕೊಳ್ಳಿ. ಜರ್ಕ್ ಇಲ್ಲದೇ ಮೆತ್ತಗೆ ಶಕ್ತಿ ಕರಗಿ ಹೋಗಿ, ಕಾಲು ಸ್ವಲ್ಪ ಎತ್ತಿದ್ರೆ ಮತ್ತೆ ಎಳೆದ್ರೆ ಪೆಟ್ರೋಲ್ ಸಾಲ್ತಿಲ್ಲ, ಫಿಲ್ಟರ್ ಅಥವಾ ಪಂಪ್. ಎಷ್ಟು ತುಳಿದ್ರೂ ಒಂದು ಆರ್‌ಪಿಎಂ ದಾಟೋದೇ ಇಲ್ಲ, ಗೋಡೆಗೆ ಹೊಡೆದಂಗೆ ನಿಲ್ಲುತ್ತೆ ಅಂದ್ರೆ ಸೈಲೆನ್ಸರ್ ಕಡೆ ಬ್ಲಾಕ್ ಅನುಮಾನ.

ತುಳಿದ ತಕ್ಷಣ ಒಂದು ಕ್ಷಣ ಸತ್ತು ಆಮೇಲೆ ಎಳೆಯುತ್ತಲ್ಲ, ಅದು?

ಕಾರ್ಬೋರೇಟರ್ ಗಾಡೀಲಿ ಇದು ಆಕ್ಸಲರೇಟರ್ ಪಂಪಿನ ಡಯಾಫ್ರಮ್. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಕಾರ್ಬೋರೇಟರಿನ ಬಾಯೊಳಗೆ ನೋಡ್ತಾ ಥ್ರಾಟಲ್ ಎಳೀರಿ, ಎಳೆದ ಕೂಡಲೇ ಪೆಟ್ರೋಲ್ ಸಣ್ಣ ಗೆರೆಯಾಗಿ ಚಿಮ್ಮಬೇಕು, ತಡ ಆದ್ರೂ ತೊಟ್ಟಿಕ್ಕಿದ್ರೂ ಡಯಾಫ್ರಮ್ ಹೋಗಿದೆ. ಇಂಜೆಕ್ಷನ್ ಗಾಡೀಲಿ ಥ್ರಾಟಲ್ ಪೊಸಿಷನ್ ಸೆನ್ಸರ್, ಎಲ್ಲೋ ಬಿರಿದ ವ್ಯಾಕ್ಯೂಮ್ ಪೈಪ್, ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್. ಏರ್‌ಫ್ಲೋ ಸೆನ್ಸರ್ ಕನೆಕ್ಟರ್ ಕಿತ್ತಾಗ ಗಾಡಿ ಮೊದಲಿಗಿಂತ ಚೆನ್ನಾಗಿ ಓಡಿದ್ರೆ ಅದೇ ಕಳ್ಳ ಅನ್ನಬಹುದು. ಅದಕ್ಕೆ ಅಂತಲೇ ಬರೋ ಕ್ಲೀನರ್ ಹಾಕಿ ತೊಳೀರಿ, ಒಳಗಿನ ತಂತಿ ಮುಟ್ಟಬೇಡಿ.

ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಭಾಗ) ಬ್ಲಾಕ್ ಆಗಿದೆ ಅಂತ ಹೇಳಿದ್ರು, ಬಿಚ್ಚದೇ ಗೊತ್ತಾಗುತ್ತಾ?

ವ್ಯಾಕ್ಯೂಮ್ ಗೇಜ್ ಇದ್ರೆ ಗೊತ್ತಾಗುತ್ತೆ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಸಿಕ್ಕಿಸಿ, ಸಮುದ್ರಮಟ್ಟದ ಊರಲ್ಲಿ ಆರೋಗ್ಯವಾಗಿರೋ ಎಂಜಿನ್ ಐಡ್ಲಿಂಗಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತೆ, ಎತ್ತರದ ಜಾಗದಲ್ಲಿ ಇನ್ನೂ ಕಮ್ಮಿ. 2500 ಆರ್‌ಪಿಎಂಗೆ ಏರಿಸಿ ಅಲ್ಲೇ ಹಿಡೀರಿ. ಮುಳ್ಳು ನಿಂತಲ್ಲೇ ನಿಲ್ಲದೇ ನಿಧಾನಕ್ಕೆ ಕೆಳಗೆ ಇಳೀತಾ ಹೋದ್ರೆ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಕನ್ವರ್ಟರ್ ತಾನಾಗೇ ಕೆಡೋದು ಕಮ್ಮಿ, ಮಿಸ್ಸಿಂಗ್ ಇರೋ ಗಾಡಿ ತಿಂಗಳುಗಟ್ಟಲೆ ಓಡಿಸಿದ್ರೆ ಉರಿಯದೇ ಉಳಿದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಒಳಗಿನ ಜೇನುಗೂಡಿನಂಥ ಭಾಗ ಕರಗುತ್ತೆ. ಹೊಸದು ಹಾಕೋ ಮುಂಚೆ ಮಿಸ್ಸಿಂಗ್ ಸರಿಮಾಡಿ, ಇಲ್ಲಾಂದ್ರೆ ಅದೂ ಹೋಗುತ್ತೆ.

ಸ್ಟಾರ್ಟಿಂಗ್ ತೊಂದರೆ, ಪಿಕಪ್ ತೊಂದರೆ ಎರಡೂ ಒಟ್ಟಿಗೇ ಶುರುವಾಯ್ತು. ಎರಡಕ್ಕೂ ಒಂದೇ ಕಾರಣ ಇರುತ್ತಾ?

ಹೆಚ್ಚಾಗಿ ಹೌದು, ಮತ್ತೆ ಇದು ನಿಮ್ಮ ಕೆಲಸಾನ ಸುಲಭ ಮಾಡುತ್ತೆ, ಯಾಕಂದ್ರೆ ಎರಡೂ ಲಕ್ಷಣ ಕೊಡಬಲ್ಲ ಭಾಗಗಳು ಕೆಲವೇ ಇವೆ. ಮೊದಲನೇದು ಸೋಲ್ತಿರೋ ಪಂಪ್ ಅಥವಾ ಕಟ್ಕೊಂಡಿರೋ ಫಿಲ್ಟರ್. ಎರಡನೇದು ಕೆಟ್ಟ ಅರ್ಥಿಂಗ್, ಸೆಲ್ಫೂ ನಿಧಾನ, ಸ್ಪಾರ್ಕೂ ಮಂಕು, ಸೆನ್ಸರುಗಳ ರೀಡಿಂಗೂ ಆಚೀಚೆ. ಮೂರನೇದು ಇಗ್ನಿಷನ್ ಸ್ವಿಚ್ ಒಳಗಿನ ಸುಟ್ಟ ಕಾಂಟ್ಯಾಕ್ಟ್. ಕೀ ಸ್ಟಾರ್ಟ್‌ನಿಂದ ಆನ್‌ಗೆ ವಾಪಸ್ ಬಂದ ಕೂಡಲೇ ಎಂಜಿನ್ ಆಫ್ ಆಗೋದು, ಓಡಿಸುವಾಗ ಕೀ ಗೊಂಚಲು ಅಲ್ಲಾಡಿದ್ರೆ ಜರ್ಕ್ ಬರೋದು ಇದರ ಗುರುತು. ನಾಲ್ಕನೇದು ಟೈಮಿಂಗ್ ಬೆಲ್ಟ್ ಅಥವಾ ಚೈನ್ ಒಂದು ಹಲ್ಲು ಜಾರಿರೋದು, ಇದು ಬಂದು ಹೋಗಲ್ಲ, ಬಂದ ಮೇಲೆ ಇದ್ದೇ ಇರುತ್ತೆ.

ತುಂಬಾ ಹಳೇ ಗಾಡೀಲಿ ಇನ್ನೊಂದು ಇದೆ, ಟ್ಯಾಂಕ್ ಮುಚ್ಚಳದ ಗಾಳಿ ತೂತು ಮುಚ್ಕೊಂಡಿರೋದು. ಪೆಟ್ರೋಲ್ ಖಾಲಿ ಆದಂಗೆ ಒಳಗೆ ನಿರ್ವಾತ ಆಗಿ ಪಂಪ್ ಎಳೆಯೋಕಾಗಲ್ಲ. ಗಾಡಿ ಸುಸ್ತಾದ ಹೊತ್ತಲ್ಲಿ ಮುಚ್ಚಳ ಬಿಚ್ಚಿ, ಸುಸ್ ಅಂತ ಗಾಳಿ ಜೋರಾಗಿ ಒಳಗೆ ನುಗ್ಗಿ ಆಮೇಲೆ ಗಾಡಿ ಸರಿಯಾಗಿ ಓಡಿದ್ರೆ ಕಾರಣ ಸಿಕ್ತು.

## ಸ್ಕ್ಯಾನರ್, ಗೇಜು, ಆಳದ ಪರೀಕ್ಷೆ

ಸ್ಕ್ಯಾನರ್ ಹಾಕಿದ್ರೆ ಕೋಡ್ ಏನೂ ಇಲ್ಲ ಅಂತಾರೆ, ಹಂಗಾದ್ರೆ ತೊಂದರೆ ಇಲ್ವಾ?

ಕೋಡ್ (ತೊಂದರೆ ಕಂಡಾಗ ಕಂಪ್ಯೂಟರ್ ಬರೆದಿಡೋ ಸಂಖ್ಯೆ) ಇಲ್ಲ ಅಂದ್ರೆ ಕಂಪ್ಯೂಟರ್‌ಗೆ ಕಾಣಿಸೋ ಮಿತಿ ಒಳಗೆ ಎಲ್ಲ ಇದೆ ಅಂತ ಅಷ್ಟೇ. ಲೈವ್ ಡೇಟಾ ತೋರಿಸೋಕೆ ಹೇಳಿ. ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋ ಲೆಕ್ಕ) ಪ್ಲಸ್ ಮೈನಸ್ 10 ಶೇಕಡಾ ಒಳಗೆ ಇದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಐಡ್ಲಿಂಗಲ್ಲಿ ಪ್ಲಸ್ ಜಾಸ್ತಿ ಇದ್ದು ಆರ್‌ಪಿಎಂ ಏರಿಸಿದಾಗ ಇಳಿದ್ರೆ ವ್ಯಾಕ್ಯೂಮ್ ಲೀಕ್. ಐಡ್ಲಿಂಗಲ್ಲಿ ಸರಿ ಇದ್ದು ಲೋಡಲ್ಲಿ ಪ್ಲಸ್ ಏರ್ತಾ ಹೋದ್ರೆ ಪೆಟ್ರೋಲ್ ಸಾಲ್ತಿಲ್ಲ ಇಲ್ಲ ಏರ್‌ಫ್ಲೋ ಸೆನ್ಸರ್ ಕಮ್ಮಿ ಹೇಳ್ತಿದೆ. ಈ ಒಂದು ಹೋಲಿಕೆಯಿಂದಲೇ ಅರ್ಧ ಹುಡುಕಾಟ ಉಳಿಯುತ್ತೆ.

ಕೋಡ್ ಬಂದಾಗಲೂ ಆ ಹೆಸರಿನ ಪಾರ್ಟ್ ತಂದು ಹಾಕಬೇಡಿ. ಪಿ0335 ಅಂದ್ರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಲ್ಲಿ ತೊಂದರೆ, ಸೆನ್ಸರೇ ಕೆಟ್ಟಿದೆ ಅಂತ ಅಲ್ಲ, ವೈರೂ ಕನೆಕ್ಟರೂ ಅದರಲ್ಲಿ ಸೇರಿದೆ. ಪಿ0171 ಅಂದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಅಂತ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡೋದು) ಹೇಳಿದೆ, ಆದ್ರೆ ಜನ ಸುದ್ದಿ ಹೇಳಿದ ಆ ಸೆನ್ಸರನ್ನೇ ಬದಲಾಯಿಸ್ತಾರೆ. ಇನ್ನು ಪರೀಕ್ಷೆ ಮುಗಿಯೋ ಮುಂಚೆ ಬ್ಯಾಟರಿ ಕಿತ್ತು ಕೋಡ್ ಅಳಿಸಬೇಡಿ, ಕೋಡ್ ಬಿದ್ದ ಕ್ಷಣದ ರೀಡಿಂಗ್‌ಗಳೂ ಅದರ ಜೊತೆ ಅಳಿಸಿ ಹೋಗ್ತವೆ.

ಪಂಪ್ ಹೋಗಿದೆ ಅಂತ ಟ್ಯಾಂಕ್ ಇಳಿಸೋ ಮುಂಚೆ ಹೆಂಗೆ ಖಾತ್ರಿ ಮಾಡ್ಕೊಳ್ಳೋದು?

ಪ್ರೆಶರ್ ಗೇಜ್ ಹಾಕಿ. ಇನ್‌ಟೇಕ್ ಪೋರ್ಟಿಗೆ ಇಂಜೆಕ್ಟ್ ಮಾಡೋ ಹಳೇ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು 3 ಬಾರ್ ಆಸುಪಾಸು, ನಿಖರ ಅಂಕಿ ನಿಮ್ಮ ಗಾಡಿ ಮ್ಯಾನ್ಯುಅಲಲ್ಲಿ ಇರುತ್ತೆ. ನಿಂತಲ್ಲಿ ಸರಿ ಬಂದ್ರೆ ಸಾಲದು, ಗೇಜನ್ನ ವಿಂಡ್‌ಸ್ಕ್ರೀನ್ ಹತ್ರ ಭದ್ರವಾಗಿ ಕಾಣೋ ಹಾಗೆ ಕಟ್ಟಿ ಏರು ರಸ್ತೇಲಿ ಪಕ್ಕದಲ್ಲಿ ಕೂತೋರು ನೋಡ್ಬೇಕು, ತುಳಿದಾಗ ಪ್ರೆಶರ್ ಕುಸಿದ್ರೆ ಸಿಕ್ಕಿತು. ಕುಸಿದ್ರೂ ಪಂಪೇ ಅಂತ ಹೇಳಬೇಡಿ, ಪಂಪ್ ಕನೆಕ್ಟರಲ್ಲಿ ವೋಲ್ಟೇಜ್ ಅಳೀರಿ. ನೇರ ಬ್ಯಾಟರಿ ವೋಲ್ಟೇಜ್ ಕೊಡೋ ಗಾಡೀಲಿ ಅದಕ್ಕೂ ಬ್ಯಾಟರಿಗೂ ಒಂದು ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ತಪ್ಪು ವೈರಿಂಗಲ್ಲಿದೆ, ಹೊಸ ಪಂಪ್ ಹಾಕಿದ್ರೂ ಅದೇ ಗತಿ.

ಲೈನ್ ಬಿಚ್ಚೋ ಮುಂಚೆ ಪಂಪ್ ಫ್ಯೂಸ್ ಕಿತ್ತು ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡಿಸಿ ಒತ್ತಡ ಇಳಿಸಿ, ಕನೆಕ್ಷನ್ ಸುತ್ತ ಬಟ್ಟೆ ಸುತ್ತಿ, ಎಂಜಿನ್ ತಣ್ಣಗಿರಲಿ, ಸುತ್ತಮುತ್ತ ಬೆಂಕಿ ಕಿಡಿ ಏನೂ ಇರಬಾರದು. ಇದರಲ್ಲಿ ಧೈರ್ಯ ಇಲ್ಲದಿದ್ರೆ ಗ್ಯಾರೇಜಲ್ಲೇ ಮಾಡಿಸಿ.

ಕಂಪ್ರೆಶನ್ ಟೆಸ್ಟ್ ಯಾವಾಗ ಮಾಡಿಸಬೇಕು?

ಪೆಟ್ರೋಲ್, ಸ್ಪಾರ್ಕ್, ಹೊಗೆ ಹೋಗೋ ದಾರಿ ಮೂರೂ ಸರಿ ಇದ್ದು ಶಕ್ತಿ ಇಲ್ಲ ಅಂದಾಗ. ಎಂಜಿನ್ ಬಿಸಿ ಇರಬೇಕು, ಎಲ್ಲಾ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಮತ್ತೆ ಇಗ್ನಿಷನ್ ಬಂದ್ ಮಾಡಿ ಥ್ರಾಟಲ್ ಪೂರ್ತಿ ತೆರೆದಿರಬೇಕು. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಅತಿ ಕಮ್ಮಿ ಇರೋದು ಅತಿ ಜಾಸ್ತಿ ಇರೋದರ 75 ಶೇಕಡಾಕ್ಕಿಂತ ಕೆಳಗೆ ಹೋಗಬಾರದು. ಕಮ್ಮಿ ಇರೋ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಎಲ್ಲಾ ಸಿಲಿಂಡರೂ ಸಮವಾಗಿ ಕಮ್ಮಿ ಇದ್ರೆ ಟೈಮಿಂಗ್ ಗುರುತು ನೋಡಿ.

ಡೀಸೆಲ್ ಗಾಡಿಗೂ ಇದೇ ಲೆಕ್ಕಾನಾ?

ಬ್ಯಾಟರಿ, ಸೆಲ್ಫ್ ಭಾಗ ಅದೇ, ಉಳಿದದ್ದು ಬೇರೆ. ತಣ್ಣಗಿದ್ದಾಗ ಕಷ್ಟ ಆಗಿ ಬಿಳಿ ಹೊಗೆ ಬಂದ್ರೆ ಹೀಟರ್ ಪ್ಲಗ್. ರಾತ್ರಿ ನಿಂತ ಮೇಲೆ ತುಂಬಾ ಸೆಲ್ಫ್ ಬೇಕು ಅಂದ್ರೆ ಲೈನೊಳಗೆ ಗಾಳಿ ಸೇರ್ತಿದೆ, ಫಿಲ್ಟರಿಂದ ಪಂಪ್‌ಗೆ ಹೋಗೋ ದಾರೀಲಿ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ನೋಡಿದ್ರೆ ಗುಳ್ಳೆ ಕಾಣುತ್ತೆ. ಪಿಕಪ್ ಇಲ್ಲದೇ ಕಪ್ಪು ಹೊಗೆ ಬಂದ್ರೆ ಟರ್ಬೋ ಪೈಪ್ ಸೀಳಿದೆ ಅಥವಾ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನ ಮತ್ತೆ ಎಂಜಿನ್ನಿಗೆ ಬಿಡೋದು) ತೆರೆದೇ ಸಿಕ್ಕಾಕೊಂಡಿದೆ. ಹಳೇ ಡೀಸೆಲ್ಲಲ್ಲಿ ಇಂಜೆಕ್ಟರ್ ಪೈಪ್ ಸಡಿಲ ಮಾಡಿ ಗಾಳಿ ತೆಗೀತಿದ್ರಲ್ಲ, ಕಾಮನ್ ರೈಲ್ ಗಾಡೀಲಿ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಪೈಪಿಂದ ಭಾರೀ ಒತ್ತಡದ ಡೀಸೆಲ್ ಹೋಗೋ ಗಾಡಿ) ಅದನ್ನ ಮಾಡಲೇಬೇಡಿ, ಅಲ್ಲಿ ಒತ್ತಡ 1000 ಬಾರ್ ದಾಟುತ್ತೆ, ಚಿಮ್ಮಿದ ಡೀಸೆಲ್ ಚರ್ಮದ ಒಳಗೇ ಹೋಗುತ್ತೆ. ಹೀಟರ್ ಪ್ಲಗ್ ಇರೋ ಗಾಡಿಗೆ ಸ್ಟಾರ್ಟಿಂಗ್ ಸ್ಪ್ರೇ ಕೂಡ ಹೊಡೀಬೇಡಿ.

ಎಲ್ಲಾ ಟೆಸ್ಟೂ ಸರಿ ಬರುತ್ತೆ, ಆದ್ರೂ ವಾರಕ್ಕೊಂದ್ಸಲ ಕೈಕೊಡುತ್ತೆ. ಇನ್ನೇನು ಉಳಿದಿದೆ?

ತೊಂದರೇನ ಬೇಕಂತಲೇ ಬರಿಸೋದು. ಎಂಜಿನ್ ಐಡ್ಲಿಂಗಲ್ಲಿ ಬಿಟ್ಟು ಒಂದೊಂದೇ ಕನೆಕ್ಟರ್, ವೈರ್ ಕಟ್ಟನ್ನ ಮೆಲ್ಲಗೆ ಅಲ್ಲಾಡಿಸ್ತಾ ಹೋಗಿ, ಬೆಲ್ಟು, ಫ್ಯಾನು, ಪ್ಲಗ್ ವೈರುಗಳ ತಂಟೆಗೆ ಮಾತ್ರ ಹೋಗಬೇಡಿ. ಅಲ್ಲಾಡಿಸಿದಾಗ ಎಂಜಿನ್ ತಡವರಿಸಿದ ಜಾಗದಲ್ಲಿ ಕನೆಕ್ಟರ್ ಬಿಚ್ಚಿ, ಪಿನ್ ಹಿಂದಕ್ಕೆ ಸರಿದಿದೆಯಾ, ಹಸಿರಾಗಿದೆಯಾ ನೋಡಿ. ಎಂಜಿನ್ನೂ ಬಾಡಿಯೂ ಸೇರೋ ಕಡೆ, ವೈರ್ ಮಡಚಿ ಅಲ್ಲಾಡೋ ಕಡೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗೆ ತಾಮ್ರ ತುಂಡಾಗಿರೋದು ಹಳೇ ಗಾಡೀಲಿ ಬಹಳ. ಬಿಸಿಗೆ ಕೆಡೋದು ಅಂತ ಅನುಮಾನ ಇದ್ರೆ ಸೆನ್ಸರ್ ಅಥವಾ ರಿಲೇಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಸ್ಟಾರ್ಟ್ ಮಾಡಿ ನೋಡಿ. ದಾರೀಲಿ ಕೈಕೊಟ್ಟ ಹೊತ್ತಲ್ಲಿ ಅದೇ ಕ್ರ್ಯಾಂಕ್ ಸೆನ್ಸರ್ ಮೇಲೆ ತಣ್ಣೀರಲ್ಲಿ ಹಿಂಡಿದ ಬಟ್ಟೆ ಇಟ್ಟು ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ, ಹತ್ಕೊಳ್ತಾ ಇಲ್ವಾ ಅನ್ನೋದರಲ್ಲೇ ಉತ್ತರ ಸಿಗುತ್ತೆ.